ಕೆರೆಯ ಅಮೀಬಾಕ್ಕೆ ಬ್ಯಾಕ್ಟೀರಿಯಾದ ಮದ್ದು ಯಾಕೆ ನಾಟುವುದಿಲ್ಲ

ಮಕ್ಕಳು ತೋಟದ ಕೆರೆಗೆ ಹಾರಿ, ಮುಳುಗಿ, ಆಟ ಆಡಿ ಬಂದ ದಿನ ಸಂಜೆ ನೆರೆಮನೆಯವರು ನಮ್ಮ ಜಗಲಿಗೆ ಬಂದು ಕೂತರು. ಮುಖದಲ್ಲಿ ಗಾಬರಿ ಎದ್ದು ಕಾಣುತ್ತಿತ್ತು.

"ಮಾಷ್ಟ್ರೇ, ಟೀವಿಯಲ್ಲಿ ಬರ್ತಾ ಉಂಟಲ್ಲ, ಆ ಮೆದುಳು ತಿನ್ನುವ ಬ್ಯಾಕ್ಟೀರಿಯಾ, ಅದು ನಮ್ಮ ಕೆರೆಯಲ್ಲೂ ಇರ್ಬಹುದಾ? ಯಾವುದಕ್ಕೂ ಇರ್ಲಿ ಅಂತ ಮೊನ್ನೆ ಉಳಿದಿದ್ದ ಅಮಾಕ್ಸಿಸಿಲಿನ್ ಮಾತ್ರೆ ಮಕ್ಕಳಿಗೆ ಕೊಟ್ಟಿದ್ದೇನೆ."

ಅವರ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಮಕ್ಕಳಿರುವ ಯಾರಿಗೂ ಈ ಸುದ್ದಿ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಅವರು ಕೊಟ್ಟ ಮಾತ್ರೆ ಬೇರೆಯೇ ಒಂದು ಜೀವಿಗೆ ಮಾಡಿದ್ದು. ಅಮೀಬಾ ಬ್ಯಾಕ್ಟೀರಿಯಾ ಅಲ್ಲ. ಅದು ಪ್ರೋಟಿಸ್ಟ್ ಅನ್ನುವ ಬೇರೆಯೇ ಗುಂಪಿನದು, ಕೋಶದೊಳಗಿನ ಏರ್ಪಾಡು ನಮ್ಮದರ ಹಾಗೆಯೇ ಇರುವ ಜೀವಿಗಳ ಗುಂಪು. ಹೆಸರಿನ ಈ ವ್ಯತ್ಯಾಸ ಶಾಲೆಯ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ ಅಂತ ನಾನೂ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಈಗ ನಮ್ಮ ಕಾಸರಗೋಡಿನಲ್ಲಿ ಯಾವ ಮದ್ದು, ಎಷ್ಟು ಬೇಗ ಅನ್ನುವುದೇ ಇದರ ಮೇಲೆ ನಿಂತಿದೆ.

ನಾವು ಗಡಿಯವರು. ಒಂದೇ ಸುದ್ದಿ ನಮಗೆ ಎರಡು ಭಾಷೆಯಲ್ಲಿ ಬರುತ್ತದೆ. ಮಲಯಾಳಂ ಚಾನೆಲ್‌ನವರು 'ಅಮೀಬಿಕ್ ಮಸ್ತಿಷ್ಕ ಜ್ವರಂ' ಅನ್ನುತ್ತಾರೆ. ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆಯಲ್ಲಿ 'ಮೆದುಳು ತಿನ್ನುವ ಅಮೀಬಾ' ಅಂತ ಇರುತ್ತದೆ. ವಾಟ್ಸಾಪಿಗೆ ಬರುವ ಹೊತ್ತಿಗೆ ಅದು ಬ್ಯಾಕ್ಟೀರಿಯಾ ಆಗಿರುತ್ತದೆ, ಇಲ್ಲವೇ ವೈರಸ್. ಕೊನೆಗೆ ಎಲ್ಲ ಸೇರಿ 'ಕೀಟಾಣು' ಅನ್ನುವ ಒಂದೇ ಚೀಲಕ್ಕೆ ಬೀಳುತ್ತದೆ.

ಕೇರಳದಲ್ಲಿ ಈ ರೋಗ ಮೊದಲು ಪತ್ತೆಯಾದದ್ದು 2016ರಲ್ಲಿ, ಆಲಪ್ಪುಳದಲ್ಲಿ. ಆಮೇಲೆ ಕೆಲವು ವರ್ಷ ಅಲ್ಲೊಂದು ಇಲ್ಲೊಂದು. 2024ರಲ್ಲಿ ರಾಜ್ಯದಲ್ಲಿ 36 ಮಂದಿಗೆ ಬಂತು, 9 ಮಂದಿ ತೀರಿಕೊಂಡರು. 2025ರಲ್ಲಿ ಎರಡೂ ಲೆಕ್ಕ ಇನ್ನೂ ಮೇಲೆ ಹೋದವು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ರಾಜ್ಯವಿಡೀ ಬಾವಿ, ಟ್ಯಾಂಕಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನವೇ ನಡೆಯಿತು. ಲೆಕ್ಕ ಏರಲು ಒಂದು ಕಾರಣ, ಹುಡುಕುವುದು ಜಾಸ್ತಿಯಾದದ್ದು. ಮಿದುಳು ಜ್ವರದ ರೋಗಿಗಳಲ್ಲಿ ಅಮೀಬಾ ಇದೆಯಾ ಅಂತ ಇಲ್ಲಿನ ವೈದ್ಯರು ಈಗ ನೋಡುತ್ತಾರೆ. ನೋಡದಿದ್ದರೆ ಅದು 'ಕಾರಣ ಗೊತ್ತಾಗದ ಜ್ವರ' ಅಂತಲೇ ಹೋಗಿಬಿಡುತ್ತಿತ್ತು.

ಈಗ ಜೀವಿಗಳ ವಿಷಯಕ್ಕೆ ಬರೋಣ.

ಬ್ಯಾಕ್ಟೀರಿಯಾ ಅಂದರೆ ಬಸ್ ಸ್ಟ್ಯಾಂಡಿನ ಗೂಡಂಗಡಿಯ ಹಾಗೆ. ಒಲೆ, ಸಾಮಾನು, ಲೆಕ್ಕದ ಪುಸ್ತಕ ಎಲ್ಲ ಒಂದೇ ಕಡೆ. ಒಳಗೆ ಕೋಣೆ ಇಲ್ಲ, ಗೋಡೆ ಇಲ್ಲ. ಅದರ ಡಿಎನ್‌ಎ ಸಾಮಾನ್ಯವಾಗಿ ಒಂದು ಉಂಗುರದ ಹಾಗೆ ಸುಮ್ನೆ ಕೋಶದ ನಡುವೆ ಬಿದ್ದಿರುತ್ತದೆ. ಹೊರಗೆ ಮಾತ್ರ ಹೆಚ್ಚಿನವಕ್ಕೆ ಒಂದು ಗಟ್ಟಿ ಗೋಡೆ ಇರುತ್ತದೆ, ಅದು ಬ್ಯಾಕ್ಟೀರಿಯಾಗಳಿಗೆ ಮಾತ್ರ ಗೊತ್ತಿರುವ ವಸ್ತುವಿನಿಂದ ಮಾಡಿದ್ದು. ಪ್ರೋಟಿಸ್ಟ್ ಹಾಗಲ್ಲ. ಅದು ತೋಟದ ಮನೆಯ ಹಾಗೆ. ಲೆಕ್ಕದ ಪುಸ್ತಕಕ್ಕೆ ಬೇರೆ ಕೋಣೆ, ಅದೇ ಕೋಶಕೇಂದ್ರ. ಅಡುಗೆಗೆ ಬೇರೆ ಜಾಗ, ಉಗ್ರಾಣ ಬೇರೆ. ಒಂದೇ ಕೋಶದ ಜೀವಿಯಾದರೂ ಒಳಗಿನ ಏರ್ಪಾಡು ನಮ್ಮ ದೇಹದ ಕೋಶದ್ದೇ.

ಗಾತ್ರ ನೋಡಿ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಸುಮಾರು 2 ಮೈಕ್ರೊಮೀಟರ್ ಉದ್ದ. ಒಂದು ಮಿಲಿಮೀಟರ್ ತುಂಬಲು 500 ಸಾಲಾಗಿ ನಿಲ್ಲಬೇಕು. ಕೇರಳದ ಸುದ್ದಿಯಲ್ಲಿರುವ ನೆಗ್ಲೇರಿಯಾ ಫೌಲೇರಿ ಅನ್ನುವ ಅಮೀಬಾ ಹೆಚ್ಚುಕಡಿಮೆ ಅದರ ಹತ್ತು ಪಟ್ಟು ಉದ್ದ. ಉದ್ದ ಹತ್ತು ಪಟ್ಟಾದರೆ ಒಳಗಿನ ಜಾಗ ಸಾವಿರ ಪಟ್ಟಾಗುತ್ತದೆ ಅಲ್ವಾ? ಇ. ಕೋಲಿಯಲ್ಲಿ ಸುಮಾರು 4,300 ಜೀನುಗಳಿವೆ. ನೆಗ್ಲೇರಿಯಾದ ಹತ್ತಿರದ ನೆಂಟ, ರೋಗ ತರದ ಇನ್ನೊಂದು ಜಾತಿಯ ಜೀನುಗಳನ್ನು 2010ರಲ್ಲಿ ಎಣಿಸಿದಾಗ 15,700ಕ್ಕಿಂತ ಜಾಸ್ತಿ ಸಿಕ್ಕವು. ಮನುಷ್ಯನಲ್ಲಿ ಇರುವುದು ಸುಮಾರು 20,000. ಅಂದರೆ ಈ ಅಮೀಬಾ ಬ್ಯಾಕ್ಟೀರಿಯಾಕ್ಕಿಂತ ನಮಗೇ ಹತ್ತಿರದ ನೆಂಟ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಮುಂದಿನದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಪೆನಿಸಿಲಿನ್, ಅಮಾಕ್ಸಿಸಿಲಿನ್ ಕೆಲಸ ಮಾಡುವುದು ಹೇಗೆ? ಬ್ಯಾಕ್ಟೀರಿಯಾದ ಆ ಹೊರಗೋಡೆ ಕಟ್ಟಲು ಬಿಡುವುದಿಲ್ಲ. ಗೋಡೆ ಸಡಿಲಾಗಿ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ನಮ್ಮ ಕೋಶಕ್ಕೆ ಅಂಥ ಗೋಡೆಯೇ ಇಲ್ಲ. ಹಾಗಾಗಿ ನಮಗೆ ಆ ಮದ್ದಿನಿಂದ ಏಟಿಲ್ಲ. ಅಮೀಬಾಕ್ಕೂ ಗೋಡೆ ಇಲ್ಲ, ಅದಕ್ಕೂ ಏಟಿಲ್ಲ. ಡಾಕ್ಸಿಸೈಕ್ಲಿನ್‌ನಂಥ ಇನ್ನು ಕೆಲವು ಮದ್ದುಗಳು ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ಮಾಡುವ ಯಂತ್ರವನ್ನು ಹಿಡಿದು ನಿಲ್ಲಿಸುತ್ತವೆ. ಅಮೀಬಾದ ಆ ಯಂತ್ರ ಬೇರೆ ಮಾದರಿಯದು, ನಮ್ಮದರ ಮಾದರಿಯದು.

ಹಾಗಾದರೆ ಅಮೀಬಾವನ್ನು ಕೊಲ್ಲುವುದು ಹೇಗೆ? ಕಷ್ಟ ಇರುವುದೇ ಅಲ್ಲಿ. ನಮಗೆ ಹತ್ತಿರದ ಜೀವಿಯನ್ನು ನಮಗೆ ತಾಗದ ಹಾಗೆ ಕೊಲ್ಲಬೇಕು. ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಮದ್ದು ಆಂಫೊಟೆರಿಸಿನ್ ಬಿ. ಇದು ಶಿಲೀಂಧ್ರಗಳಿಗೆ ಅಂತ ಬಂದ ಮದ್ದು. ಅಮೀಬಾದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತು ಇದೆ, ಅದಕ್ಕೆ ಅಂಟಿ ಪೊರೆಯನ್ನು ಹಾಳುಮಾಡುತ್ತದೆ. ನಮ್ಮ ಪೊರೆಯಲ್ಲಿ ಅದರ ಬದಲು ಕೊಲೆಸ್ಟೆರಾಲ್. ಎರಡೂ ಅಕ್ಕತಂಗಿಯರ ಹಾಗೆ ಹೋಲುತ್ತವೆ. ಅದಕ್ಕೇ ಈ ಮದ್ದು ರೋಗಿಯ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಇನ್ನೊಂದು ಮಿಲ್ಟೆಫೊಸಿನ್, ಕಾಲಾ ಅಜಾರ್ ಜ್ವರಕ್ಕೆ ಕೊಡುವ ಮಾತ್ರೆ. ಕಾಲಾ ಅಜಾರ್ ತರುವುದೂ ಒಂದು ಪ್ರೋಟಿಸ್ಟೇ. 2024ರಲ್ಲಿ ಕೇರಳ ಈ ಮದ್ದನ್ನು ಜರ್ಮನಿಯಿಂದ ತರಿಸಿತು. ಆ ವರ್ಷ ಜುಲೈಯಲ್ಲಿ ಕೋಝಿಕ್ಕೋಡು ಜಿಲ್ಲೆಯ 14 ವರ್ಷದ ಹುಡುಗ ಗುಣವಾಗಿ ಮನೆಗೆ ಹೋದ ಸುದ್ದಿ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಯಾಕೆಂದರೆ ಪ್ರಪಂಚದಲ್ಲಿ ನೆಗ್ಲೇರಿಯಾ ಮೆದುಳಿಗೆ ಹೋದವರಲ್ಲಿ 100ಕ್ಕೆ 97 ಮಂದಿ ಉಳಿದಿಲ್ಲ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಬ್ಯಾಕ್ಟೀರಿಯಾ, ಪ್ರೋಟಿಸ್ಟ್ ಎರಡಕ್ಕೂ ನಾಟಿ ಈ ಗಡಿ ದಾಟುವ ಮದ್ದುಗಳೂ ಇವೆ. ಅಮೀಬಾ ರೋಗಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮದ್ದುಗಳ ಜತೆ ಅಜಿತ್ರೊಮೈಸಿನ್, ರಿಫಾಂಪಿಸಿನ್ ಕೂಡ ಇರುತ್ತವೆ, ಇವು ಬ್ಯಾಕ್ಟೀರಿಯಾದ ಮದ್ದುಗಳೇ. ಆಮಶಂಕೆಗೆ ನಾವೆಲ್ಲ ನುಂಗಿರುವ ಮೆಟ್ರೊನಿಡಜೋಲ್ ಕರುಳಿನ ಅಮೀಬಾಕ್ಕೂ ನಾಟುತ್ತದೆ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳಿಗೂ ನಾಟುತ್ತದೆ. ಎರಡೂ ಗಾಳಿಯಿಲ್ಲದ ಜಾಗದಲ್ಲಿ ಬದುಕುವ ಒಂದೇ ಉಪಾಯ ಇಟ್ಟುಕೊಂಡಿವೆ, ಮದ್ದು ಹಿಡಿಯುವುದು ಅದನ್ನೇ. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಪ್ರೋಟಿಸ್ಟ್ ಆದರೂ ಡಾಕ್ಸಿಸೈಕ್ಲಿನ್‌ಗೆ ಸೋಲುತ್ತದೆ.

ಯಾಕೆ ಅಂತ ಕೇಳಿದರೆ ಕೋಟ್ಯಂತರ ವರ್ಷ ಹಿಂದಕ್ಕೆ ಹೋಗಬೇಕು. ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಹಿಂದೊಮ್ಮೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಇನ್ನೊಂದು ಕೋಶದೊಳಗೆ ಒಕ್ಕಲು ಬಂದು ಕೂತು ಮನೆಯವರೇ ಆಗಿಬಿಟ್ಟಿತು. ಲಿನ್ ಮಾರ್ಗುಲಿಸ್ ಅನ್ನುವ ಜೀವವಿಜ್ಞಾನಿ 1967ರಲ್ಲಿ ಈ ವಾದವನ್ನು ಬಲವಾಗಿ ಮುಂದಿಟ್ಟಾಗ ತುಂಬ ಜನ ಒಪ್ಪಲಿಲ್ಲ, ಇಂದು ಅದು ಪಾಠಪುಸ್ತಕದಲ್ಲಿದೆ. ಪ್ಲಾಸ್ಮೋಡಿಯಂನಲ್ಲಿ ಇಂಥ ಮತ್ತೊಂದು ಹಳೆಯ ಒಕ್ಕಲು ಇದೆ, ಎಪಿಕೊಪ್ಲಾಸ್ಟ್ ಅಂತ. ಡಾಕ್ಸಿಸೈಕ್ಲಿನ್ ಹೊಡೆಯುವುದು ಅದಕ್ಕೆ. ಹಾಗಾಗಿ ಯಾವ ಮದ್ದು ಎಲ್ಲಿ ಗಡಿ ದಾಟುತ್ತದೆ ಅನ್ನುವುದನ್ನು ವೈದ್ಯರು ತೂಗಿ ನೋಡಿ ಹೇಳಬೇಕು. ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆಗೆ ಅದು ಗೊತ್ತಿರುವುದಿಲ್ಲ.

ನೆರೆಮನೆಯವರಿಗೆ ಗೊಂದಲ ಆದದ್ದರಲ್ಲಿ ತಪ್ಪಿಲ್ಲ ಅಂತ ನಾನು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಇದೇ ಕೆಸರು, ಇದೇ ನೀರಿನಿಂದ ಬರುವ ಇಲಿಜ್ವರಕ್ಕೆ ನಿಜವಾಗಿಯೂ ಮುಂಜಾಗ್ರತೆಯ ಮಾತ್ರೆ ಇದೆ. ಮಳೆಗಾಲದಲ್ಲಿ ಗದ್ದೆಗೆ, ಚರಂಡಿಗೆ ಇಳಿಯುವವರಿಗೆ ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಇಲಿಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ. ಅದು ಇಲಿ, ದನ, ನಾಯಿಗಳ ಮೂತ್ರದಿಂದ ನೀರಿಗೆ ಸೇರಿ, ಕಾಲಿನ ಗಾಯ, ಒಡೆದ ಹಿಮ್ಮಡಿಯಿಂದ ದೇಹಕ್ಕೆ ಇಳಿಯುತ್ತದೆ. ನೆಗ್ಲೇರಿಯಾ ಅಮೀಬಾ ಬರುವ ದಾರಿ ಮೂಗು ಮಾತ್ರ. ನೀರು ರಭಸದಿಂದ ಮೂಗಿಗೆ ಹೊಕ್ಕಾಗ ಅದು ಮೇಲಿನ ಜರಡಿಯಂಥ ಎಲುಬಿನ ತೂತುಗಳಲ್ಲಿ, ವಾಸನೆಯ ನರ ಹಿಡಿದು, ಮೆದುಳಿಗೆ ಹತ್ತುತ್ತದೆ. ಅದೇ ನೀರು ಕುಡಿದರೆ ನೆಗ್ಲೇರಿಯಾ ರೋಗ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಕೇರಳದಲ್ಲಿ ಸಿಗುತ್ತಿರುವ ಇನ್ನೊಂದು ಅಮೀಬಾ, ಅಕಾಂತಮೀಬಾ, ಗಾಯದಿಂದಲೂ ಹೋಗಬಹುದು, ನಿಧಾನವಾಗಿ ವಾರಗಟ್ಟಲೆ ಕೆಲಸ ಮಾಡುತ್ತದೆ.

'ಮೆದುಳು ತಿನ್ನುವ' ಅನ್ನುವ ಹೆಸರು ನನಗೆ ಇಷ್ಟವಿಲ್ಲ. ಕೆರೆಯಲ್ಲಿ ಅದರ ಊಟ ಬ್ಯಾಕ್ಟೀರಿಯಾ. ತಳದ ಕೆಸರಿನಲ್ಲಿ ಕೊಳೆತ ಎಲೆ ಇದ್ದಲ್ಲಿ ಬ್ಯಾಕ್ಟೀರಿಯಾ ಜಾಸ್ತಿ, ಅವು ಜಾಸ್ತಿ ಇದ್ದಲ್ಲಿ ಅಮೀಬಾಕ್ಕೆ ಹಬ್ಬ. ನಮ್ಮ ಮೂಗಿಗೆ ಅದು ಬರುವುದು ದಾರಿ ತಪ್ಪಿ. ಬಿಸಿ ನೀರು ಅದಕ್ಕೆ ಪ್ರೀತಿ, 46 ಡಿಗ್ರಿವರೆಗೂ ಬೆಳೆಯುತ್ತದೆ. ಊಟ ಸಿಗದಿದ್ದರೆ ಎರಡು ಬಾಲ ಬೆಳೆಸಿ ಈಜಿ ಬೇರೆ ಕಡೆ ಹೋಗುತ್ತದೆ. ಕಷ್ಟಕಾಲ ಬಂದರೆ ಗಟ್ಟಿ ಚಿಪ್ಪು ಕಟ್ಟಿ ಮಲಗುತ್ತದೆ. ಒಂದೇ ಕೋಶಕ್ಕೆ ಮೂರು ರೂಪ. ಇಷ್ಟೆಲ್ಲ ಮಾಡಲು ಅಷ್ಟು ಜೀನು ಬೇಕಾಗುತ್ತದೆ.

ಈ ಎಲ್ಲ ಮಾತು ಸೂಕ್ಷ್ಮದರ್ಶಕ ಇಲ್ಲದ ನಮಗೆ ದೂರದ್ದು ಅನ್ನಿಸಬಹುದು. ಆದರೆ ಅಡಿಕೆ ಕೃಷಿಕರಿಗೆ ಇದೇ ಪಾಠ ತಮ್ಮ ತೋಟದಲ್ಲೇ ಇದೆ. ನೆರೆಮನೆಯವರಿಗೆ ನಾನು ವಿವರಿಸಿದ್ದೂ ಹಾಗೆಯೇ.

ಒಂದೇ ಅಡಿಕೆ ಮರಕ್ಕೆ ಬರುವ ಮೂರು ರೋಗ ತೆಗೆದುಕೊಳ್ಳಿ. ಎಲೆಚುಕ್ಕೆ ರೋಗ ಶಿಲೀಂಧ್ರದ್ದು. ಹಳದಿ ರೋಗ ಫೈಟೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದ್ದು, ಜಿಗಿಹುಳದ ಮೂಲಕ ಮರದಿಂದ ಮರಕ್ಕೆ ಹೋಗುತ್ತದೆ. ಇನ್ನು ನಮ್ಮ ನಿದ್ದೆ ಕೆಡಿಸುವ ಕೊಳೆರೋಗ, ಮಹಾಳಿ? ಅದನ್ನು ತರುವುದು ಫೈಟಾಫ್ತೊರಾ. ನೋಡಲು ಬೂಷ್ಟಿನ ಹಾಗೆ ಬಿಳಿಯಾಗಿ ಕಾಯಿಯ ಮೇಲೆ ಹರಡುತ್ತದೆ, ಹಾಗಾಗಿ ಬಹಳ ಕಾಲ ಅದನ್ನೂ ಶಿಲೀಂಧ್ರ ಅಂತಲೇ ಬರೆದರು. ಆದರೆ ಅದರ ವಂಶ ಹುಡುಕುತ್ತ ಹೋದರೆ ಸಮುದ್ರದ ಕಂದು ಪಾಚಿಯ ಕಡೆಗೆ ಹೋಗುತ್ತದೆ. ಅದು ಶಿಲೀಂಧ್ರದ ವೇಷದಲ್ಲಿರುವ ಪ್ರೋಟಿಸ್ಟ್.

ಸುಮ್ನೆ ಹೆಸರು ಬದಲಾಯಿಸಿದ್ದು ಅಂತ ತಿಳಿಯಬೇಡಿ. ಶಿಲೀಂಧ್ರದ ಕೋಶಗೋಡೆಯಲ್ಲಿ ಮುಖ್ಯವಾಗಿ ಕೈಟಿನ್ ಇದ್ದರೆ ಫೈಟಾಫ್ತೊರಾದ ಗೋಡೆಯಲ್ಲಿ ಸೆಲ್ಯುಲೋಸ್. ಅದು ಎರ್ಗೊಸ್ಟೆರಾಲ್ ತಯಾರಿಸುವುದೇ ಇಲ್ಲ. ಹಾಗಾಗಿ ಎರ್ಗೊಸ್ಟೆರಾಲ್ ತಯಾರಿಯನ್ನು ತಡೆಯುವ ಶಿಲೀಂಧ್ರನಾಶಕ ಕೊಳೆರೋಗಕ್ಕೆ ನಾಟುವುದಿಲ್ಲ. ಕಾರ್ಬೆಂಡಜಿಮ್ ಅನ್ನುವ ಇನ್ನೊಂದು ಶಿಲೀಂಧ್ರನಾಶಕ ಕೂಡ ನಾಟುವುದಿಲ್ಲ. ಅಂಗಡಿಯಲ್ಲಿ 'ಫಂಗಸ್‌ಗೆ ಒಳ್ಳೆಯದು' ಅಂತ ಕೊಟ್ಟದ್ದನ್ನು ತಂದು ಹೊಡೆದು, ಆಮೇಲೆ ಬುಡದಲ್ಲಿ ಉದುರಿದ ಕಾಯಿ ಹೆಕ್ಕುವವರನ್ನು ನೋಡಿದ್ದೇನೆ. ಒಂದು ವರ್ಷದ ದುಡಿಮೆ ಅದು.

ಮಳೆಗೂ ಕೊಳೆಗೂ ಇರುವ ನಂಟು ಕೂಡ ಇಲ್ಲಿಂದಲೇ ಅರ್ಥವಾಗುತ್ತದೆ. ಫೈಟಾಫ್ತೊರಾ ಎರಡು ಬಾಲದ ಪುಟ್ಟ ಬೀಜಕಣಗಳನ್ನು ಹೊರಬಿಡುತ್ತದೆ, ಅವು ನೀರಿನ ಪದರದಲ್ಲಿ ಈಜುತ್ತವೆ. ಕಾಯಿಯ ಮೇಲೆ ನೀರು ಆರದೆ ನಿಂತರೆ ಅವುಗಳಿಗೆ ದಾರಿ ಸಿಕ್ಕ ಹಾಗೆ. ಕಾಳುಮೆಣಸಿನ ಬಳ್ಳಿ ಒಂದೇ ವಾರದಲ್ಲಿ ಸೊರಗಿ ಬೀಳುವುದೂ, ತೆಂಗಿನ ಸುಳಿ ಕೊಳೆಯುವುದೂ ಇದೇ ಕುಲದ ಬೇರೆ ಜಾತಿಗಳಿಂದ. 1845ರಲ್ಲಿ ಐರ್ಲೆಂಡಿನ ಬಟಾಟೆ ಬೆಳೆ ನಾಶ ಮಾಡಿ ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದದ್ದೂ ಈ ಕುಲದ್ದೇ.

ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಕತೆ ಹೇಳದಿದ್ದರೆ ಆಗುವುದಿಲ್ಲ. ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯಬಾರದು ಅಂತ ಬದಿಯ ಬಳ್ಳಿಗಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬರಲಿಲ್ಲ. ಇದನ್ನು ಕಣ್ಣಿಟ್ಟು ನೋಡಿದ ಮಿಲಾರ್ಡೆ ಅನ್ನುವ ವಿಜ್ಞಾನಿ 1885ರಲ್ಲಿ ಅದರ ವಿವರ ಪ್ರಕಟಿಸಿದರು. ಆ ದ್ರಾಕ್ಷಿ ರೋಗವೂ ಫೈಟಾಫ್ತೊರಾದ ದಾಯಾದಿಯದ್ದೇ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅನ್ನುವ ವಿಜ್ಞಾನಿ ಅಡಿಕೆ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು, ಬೋರ್ಡೋ ದ್ರಾವಣವನ್ನು ತೋಟಗಳಿಗೆ ತಂದರು. ಇಂದಿಗೂ ನಾವು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೆರೆಸಿ ಮಳೆ ಜೋರಾಗುವ ಮೊದಲು ಮದ್ದು ಬಿಡುತ್ತೇವೆ. ತಾಮ್ರ ಬ್ಯಾಕ್ಟೀರಿಯಾ, ಶಿಲೀಂಧ್ರ, ಪ್ರೋಟಿಸ್ಟ್ ಅಂತ ಭೇದ ನೋಡದೆ ಹೊಡೆಯುತ್ತದೆ. ಕಾಯಿಯ ಹೊರಗೆ ಹೊಡೆಯುವುದಕ್ಕೆ ಅದು ಸರಿ. ಮನುಷ್ಯನ ಮೆದುಳಿನೊಳಗೆ ಭೇದ ನೋಡದ ಮದ್ದು ಬಿಡಲಾಗುವುದಿಲ್ಲ. "ಹಾಗಾದ್ರೆ ಹಳದಿ ರೋಗಕ್ಕೆ ಬೋರ್ಡೋ ಹೊಡೆದ ಹಾಗಾಯ್ತು ನಾನು ಮಾಡಿದ್ದು" ಅಂದರು ನೆರೆಮನೆಯವರು. ಹಳದಿ ರೋಗದ ಬ್ಯಾಕ್ಟೀರಿಯಾ ಇರುವುದು ಮರದ ನಾಳದೊಳಗೆ, ಹೊರಗೆ ಹೊಡೆದ ತಾಮ್ರ ಅಲ್ಲಿಗೆ ಮುಟ್ಟುವುದಿಲ್ಲ. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಪ್ರೋಟಿಸ್ಟ್ ಅನ್ನುವುದು ಒಂದೇ ಮನೆತನ ಅಂತ ತಿಳಿಯಬಾರದು. 1866ರಲ್ಲಿ ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಈ ಗುಂಪಿಗೆ ಹೆಸರಿಟ್ಟಾಗ ಬ್ಯಾಕ್ಟೀರಿಯಾವನ್ನೂ ಅದರಲ್ಲೇ ಸೇರಿಸಿದ್ದರು. ಆಮೇಲೆ ಬೇರೆ ಮಾಡಿದರು. ಈಗ ಕೋಶಕೇಂದ್ರ ಇದ್ದು, ಪ್ರಾಣಿಯೂ ಅಲ್ಲದ, ನೆಲದ ಸಸ್ಯವೂ ಅಲ್ಲದ, ಶಿಲೀಂಧ್ರವೂ ಅಲ್ಲದ ಜೀವಿಗಳಿಗೆಲ್ಲ ಇದೇ ಹೆಸರು. ಕೆಲವು ರಾತ್ರಿ ನಮ್ಮ ಕರಾವಳಿಯ ತೆರೆ ನೀಲಿಯಾಗಿ ಮಿನುಗುತ್ತದೆ ಅಲ್ವಾ, ಆ ನೊಕ್ಟಿಲುಕಾ ಕೂಡ ಪ್ರೋಟಿಸ್ಟ್. ನಾವು ಉಸಿರಾಡುವ ಆಮ್ಲಜನಕದ ಸುಮಾರು ಐದನೇ ಒಂದು ಪಾಲು ಡಯಾಟಮ್ ಅನ್ನುವ ಸಮುದ್ರದ ಪ್ರೋಟಿಸ್ಟ್‌ಗಳದು. ಹಾಗೆಯೇ ನಮ್ಮ ಮೊಸರು ಬ್ಯಾಕ್ಟೀರಿಯಾದ ಕೆಲಸ. ಎರಡು ಗುಂಪಿನಲ್ಲೂ ಶತ್ರುಗಳು ಕಡಿಮೆ. ಮಕ್ಕಳಿಗೆ ಬೇಡದ ಅಮಾಕ್ಸಿಸಿಲಿನ್ ಕೊಟ್ಟಾಗ ಸಾಯುವುದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ. ಉಳಿದವು ಆ ಮದ್ದಿಗೆ ಬಗ್ಗದೆ ಗಟ್ಟಿಯಾಗುತ್ತವೆ. ನಾಳೆ ನಿಜವಾದ ಬ್ಯಾಕ್ಟೀರಿಯಾ ಜ್ವರ ಬಂದಾಗ ಅದೇ ಮಾತ್ರೆ ಕೈಕೊಡುತ್ತದೆ.

ನೀರಿನ ವಿಷಯದಲ್ಲಿ ನಮ್ಮೂರಿಗೆ ಒಂದು ಅನುಕೂಲ ಇದೆ. ಗುಡ್ಡದ ಸುರಂಗದಿಂದ ಬರುವ ನೀರು ತಂಪು, ಹರಿಯುತ್ತಿರುತ್ತದೆ. ಆದರೆ ಅದೇ ನೀರನ್ನು ಕೆಳಗೆ ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲೋ ಸಿಮೆಂಟು ಟ್ಯಾಂಕಿಯಲ್ಲೋ ನಿಲ್ಲಿಸಿದರೆ ಏಪ್ರಿಲ್, ಮೇ ಬಿಸಿಲಿಗೆ ಕಾದು ಬಿಡುತ್ತದೆ. ತಳದಲ್ಲಿ ಎಲೆ, ಕೆಸರು ಕೂರುತ್ತದೆ. ಮಕ್ಕಳು ಹಾರುವುದು ಅಲ್ಲಿಗೇ. ಈಜಲೇಬೇಡಿ ಅಂತ ನಾನು ಹೇಳುವುದಿಲ್ಲ, ಈಜು ಗೊತ್ತಿಲ್ಲದೆ ಕೆರೆಗೆ ಬಿದ್ದು ಹೋದ ಮಕ್ಕಳು ಈ ಅಮೀಬಾಕ್ಕೆ ಬಲಿಯಾದವರಿಗಿಂತ ತುಂಬ ಜಾಸ್ತಿ. ಟ್ಯಾಂಕಿ ಖಾಲಿ ಮಾಡಿ ಉಜ್ಜಿ ತೊಳೆಯಬೇಕು. ತಳದ ಕೆಸರು ಕಲಕಬಾರದು. ತಲೆ ಮೇಲಿಟ್ಟು ಈಜಬೇಕು, ಹಾರುವುದಾದರೆ ಮೂಗಿಗೆ ಕ್ಲಿಪ್ ಇರಬೇಕು. ಕ್ಲೋರಿನ್ ಅಮೀಬಾವನ್ನೂ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಮನೆ ಬಾವಿಗೆ 1000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಲೆಕ್ಕ, ಹಾಕಿ ಒಂದು ಗಂಟೆ ಬಿಡಬೇಕು. ದೇವಸ್ಥಾನದ ಕೆರೆಯಲ್ಲಿ ಮುಳುಗು ಹಾಕುವವರು ಮೂಗು ಗಟ್ಟಿ ಹಿಡಿದುಕೊಳ್ಳಲಿ. ನಮಾಜಿನ ಮೊದಲು ಮೂಗಿಗೆ ನೀರು ಏರಿಸುವವರು, ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರು ಬಳಸಲಿ.

ಇಷ್ಟಾದರೂ ಜ್ವರ ಬಂದರೆ? ನೆಗ್ಲೇರಿಯಾ ರೋಗ ನೀರು ತಾಗಿದ 1ರಿಂದ 12 ದಿನದೊಳಗೆ ಕಾಣಿಸುತ್ತದೆ. ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ. ಬ್ಯಾಕ್ಟೀರಿಯಾದಿಂದ ಬರುವ ಮೆದುಳು ಪೊರೆಯ ಉರಿಯೂತಕ್ಕೂ ಇದೇ ಲಕ್ಷಣ. ಬೆನ್ನಿನಿಂದ ತೆಗೆದ ನೀರನ್ನು ಪರೀಕ್ಷೆ ಮಾಡಿದರೂ ಬಿಳಿರಕ್ತಕಣ ಜಾಸ್ತಿ, ಸಕ್ಕರೆ ಕಡಿಮೆ, ಎರಡರಲ್ಲೂ ಒಂದೇ ತರಹ. ಆದರೆ ಅಮೀಬಾ ರೋಗವಾದರೆ ಬಣ್ಣ ಹಾಕಿ ನೋಡಿದಾಗ ಬ್ಯಾಕ್ಟೀರಿಯಾ ಕಾಣುವುದಿಲ್ಲ. ಆಗ ಅಮೀಬಾ ನೆನಪಾಗಬೇಕು.

ನಮ್ಮಲ್ಲಿ ಹೆಚ್ಚಿನವರು ದೊಡ್ಡ ಕಾಯಿಲೆಗೆ ಗಡಿ ದಾಟಿ ಮಂಗಳೂರಿಗೆ ಓಡುತ್ತೇವೆ. ಅಲ್ಲಿನ ವೈದ್ಯರಿಗೆ ನಿಮ್ಮ ಮನೆ ಹಿಂದೆ ಕೆರೆ ಇರುವುದು ಗೊತ್ತಿಲ್ಲ. ಅವರು ಕೇಳುವ ಮೊದಲೇ ನಾವು ಹೇಳಬೇಕು, "ಡಾಕ್ಟ್ರೇ, ನಾವು ಕಾಸರಗೋಡಿನವರು, ಐದು ದಿನದ ಹಿಂದೆ ಇವನು ಕೆರೆಯಲ್ಲಿ ಮುಳುಗಿ ಆಡಿದ್ದಾನೆ, ಮೂಗಿಗೆ ನೀರು ಹೋಗಿದೆ" ಅಂತ. ಮನೆಯಲ್ಲಿ ಯಾವ ಮಾತ್ರೆ ಕೊಟ್ಟಿದ್ದೀರೋ ಅದನ್ನೂ ಹೇಳಬೇಕು. ಇಷ್ಟು ಗೊತ್ತಾದರೆ ಬೆನ್ನಿನ ಆ ನೀರನ್ನು ಫ್ರಿಜ್ಜಿಗೆ ಹಾಕದೆ, ಆಗಿಂದಾಗ ಒಂದು ಹನಿ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಣ್ಣಗಾಗಲು ಬಿಡದ ಹನಿಯಲ್ಲಿ ಅಮೀಬಾ ಇದ್ದರೆ ಮೈ ಚಾಚಿ ತೆವಳುತ್ತಿರುವುದು ಕಣ್ಣಿಗೇ ಕಾಣುತ್ತದೆ.